ಅಂಗೈ ನೆಲ್ಲಿಯೂ ನಂಜಿನ ಆಘಾತವೂ



ನಂಜು ಎಂಬುದು ನಮ್ಮ ಕೊಳ್ಳೇಗಾಲ ಸೀಮೆಯಲ್ಲಿ ಎಳೆಯರಿಗೂ ತಿಳಿದಿರುವ ಮಾತು. ಕಾಲಿಗೆ ಮುಳ್ಳು ಚುಚ್ಚಿ ಊದಿಕೊಂಡರೆ ನಂಜಾಯಿತು ಎನ್ನುತ್ತೇವೆ. ಬಾಣಂತಿಗೆ ಜ್ವರ ಬಂದರೆ ನಂಜೇರಿತು ಎನ್ನುತ್ತೇವೆ. ಬದನೆಕಾಯಿ ನಂಜಿನ ಪದಾರ್ಥ, ಗಾಯವಿದ್ದವರು ಮುಟ್ಟಬಾರದು ಎಂದು ಮನೆಯ ಅಜ್ಜಿಯರು ಪಥ್ಯ ವಿಧಿಸುತ್ತಾರೆ. ಕಪಿಲೆಯ ದಡದಲ್ಲಿ ವಿಷವನ್ನುಂಡ ದೇವರನ್ನು ನಂಜುಂಡನೆಂದು ಕರೆದು, ಅವನ ಊರಿಗೆ ನಂಜನಗೂಡು ಎಂದು ಹೆಸರಿಟ್ಟವರು ನಾವು. ನಮ್ಮ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟು ಕೊಯಮತ್ತೂರು ಜಿಲ್ಲೆಯಲ್ಲಿತ್ತು; ಆ ನೆರೆಯ ತಮಿಳಿನಲ್ಲಿಯೂ ನಂಜು ಎಂದರೆ ವಿಷವೇ. ವೈದ್ಯರು ಇಂದು ‘ಸೆಪ್ಸಿಸ್’ ಎನ್ನುವ ಪದ ಗ್ರೀಕರದು; ಅದರ ಮೂಲಾರ್ಥ ಕೊಳೆಯುವಿಕೆ. ಕೊಳೆತದ್ದು ಎನ್ನುವುದಕ್ಕಿಂತ ಮೈಯೊಳಗೆ ಏರುವ ವಿಷ ಎನ್ನುವ ನಮ್ಮ ಮಾತೇ ಆ ರೋಗದ ಸ್ವರೂಪಕ್ಕೆ ಹತ್ತಿರವೆಂದು ನನಗೆ ತೋರುತ್ತದೆ. ಪಂಡಿತನ ಭಾಷಾಭಿಮಾನವೆಂದು ನೀವು ನಕ್ಕರೂ ಸರಿಯೆ.

ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ಹಳಗನ್ನಡ ವ್ಯಾಕರಣ ಹೇಳುವವನು. ಆದರೆ ನನ್ನ ಬಳಿ ಓದಿ ಮುಂದೆ ವೈದ್ಯರಾದವರು ಕೆಲವರಿದ್ದಾರೆ. ಅವರನ್ನು ಪೀಡಿಸಿ ಕೇಳಿ, ಅವರು ಕೊಟ್ಟ ಲೇಖನಗಳನ್ನು ನಿಘಂಟು ಇಟ್ಟುಕೊಂಡು ಓದಿ, ತಿಳಿದಷ್ಟನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಂಜು ಎಂದರೆ ಕ್ರಿಮಿಯಲ್ಲ. ಪುಪ್ಪುಸದಲ್ಲೋ ಮೂತ್ರಕೋಶದಲ್ಲೋ ಕಾಲಿನ ಹುಣ್ಣಿನಲ್ಲೋ ಕ್ರಿಮಿಗಳು ಬೀಡುಬಿಟ್ಟಾಗ ದೇಹ ಅವುಗಳ ಮೇಲೆ ಯುದ್ಧ ಹೂಡುತ್ತದೆ. ಸಾಧಾರಣವಾಗಿ ಆ ಯುದ್ಧ ಗಾಯದ ಸುತ್ತಲೇ ಮುಗಿಯುತ್ತದೆ. ಕೆಲವೊಮ್ಮೆ ಅದು ಕೈಮೀರಿ ಇಡೀ ಮೈಗೆ ಹಬ್ಬಿ, ಸ್ವಂತ ಅಂಗಾಂಗಗಳನ್ನೇ ಕೆಡಿಸಲಾರಂಭಿಸುತ್ತದೆ. ಸೋಂಕಿಗೆ ದೇಹ ಕೊಡುವ ಉತ್ತರ ಹದ್ದು ಮೀರಿ ಪ್ರಾಣಾಪಾಯಕರವಾಗಿ ಅಂಗಗಳು ಕೆಲಸ ನಿಲ್ಲಿಸುವ ಸ್ಥಿತಿಯೇ ಸೆಪ್ಸಿಸ್ ಎಂದು 2016ರಲ್ಲಿ ತಜ್ಞರು ಲಕ್ಷಣ ಹೇಳಿದರು. ಕಳ್ಳನನ್ನು ಹಿಡಿಯಲು ಬಂದ ದಂಡು ಊರನ್ನೇ ಸುಟ್ಟ ಹಾಗೆ.

ಇದರ ಕೊನೆಯ ಮೆಟ್ಟಿಲು ನಂಜಿನ ಆಘಾತ, ಸೆಪ್ಟಿಕ್ ಶಾಕ್. ಕಾಲುವೆಯ ಬಯಲಿನಲ್ಲಿ ಬೇಸಾಯ ಮಾಡುವವರಿಗೆ ಇದನ್ನು ಹೇಳುವುದು ಸುಲಭ. ಕಾಲುವೆಯಲ್ಲಿ ನೀರು ಅಷ್ಟೇ ಇದೆ ಎಂದುಕೊಳ್ಳಿ. ಕಾಲುವೆ ಇದ್ದಕ್ಕಿದ್ದಂತೆ ಮೂರು ಪಟ್ಟು ಅಗಲವಾಗಿ, ಅದರ ಏರಿಯ ತುಂಬ ಏಡಿಗಳು ಬಿಲ ತೋಡಿದರೆ ಕೊನೆಯ ಗದ್ದೆಗೆ ನೀರು ಹತ್ತೀತೆ? ನಂಜಿನಲ್ಲಿ ರಕ್ತನಾಳಗಳು ಹೀಗೆಯೇ ಸಡಿಲವಾಗಿ ಅಗಲುತ್ತವೆ, ಅವುಗಳ ಗೋಡೆ ಸೋರುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ಮೂತ್ರಪಿಂಡ, ಮೆದುಳು, ಯಕೃತ್ತು ಕೊನೆಯ ಗದ್ದೆಗಳಂತೆ ಒಣಗುತ್ತವೆ. ಸಾಕಷ್ಟು ದ್ರವ ಕೊಟ್ಟ ಮೇಲೂ ಒತ್ತಡವನ್ನು ಎತ್ತಿ ಹಿಡಿಯಲು ಔಷಧ ಬೇಕಾಗಿ, ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ಆಮ್ಲಾಂಶ ಏರಿಯೇ ಇದ್ದರೆ ಅದು ಆಘಾತ. ಈ ಹಂತ ತಲುಪಿ ಆಸ್ಪತ್ರೆಗೆ ಬಂದವರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲವೆಂದು 2016ರ ಆ ವರದಿಯೇ ಹೇಳುತ್ತದೆ. 2017ನೆಯ ಒಂದು ವರ್ಷದಲ್ಲಿ ಲೋಕದಲ್ಲಿ ಸುಮಾರು 4 ಕೋಟಿ 89 ಲಕ್ಷ ಜನಕ್ಕೆ ಸೆಪ್ಸಿಸ್ ಆಯಿತು, 1 ಕೋಟಿ 10 ಲಕ್ಷ ಜನ ಅದಕ್ಕೆ ಸಂಬಂಧಿಸಿ ತೀರಿಕೊಂಡರು ಎಂಬುದು 2020ರಲ್ಲಿ ಪ್ರಕಟವಾದ ಲೆಕ್ಕ. ಅಂದರೆ ಆ ವರ್ಷ ಸತ್ತ ಐವರಲ್ಲಿ ಒಬ್ಬರು.

ಇನ್ನು ನೆಲ್ಲಿಯ ಕಡೆಗೆ ಬರಬೇಕು. ಆದರೆ ನಡುವೆ ಪ್ರಾಣವಾಯುವಿನ ಮಾತೊಂದಿದೆ. ಚಾಮರಾಜನಗರ ಜಿಲ್ಲೆಯವರಿಗೆ ಪ್ರಾಣವಾಯುವಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 2021ರ ಮೇ 2ರ ರಾತ್ರಿ ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹೋಯಿತು. ಒಂದು ದಿನದೊಳಗೆ 24 ಮಂದಿ ತೀರಿಕೊಂಡರು. ಉಸಿರಿಗೆ ಅಷ್ಟು ಅವಶ್ಯವಾದ ಆ ವಾಯುವೇ ಇನ್ನೊಂದು ಮುಖದಲ್ಲಿ ಸುಡುವ ವಸ್ತು. ಕಬ್ಬಿಣಕ್ಕೆ ತುಕ್ಕು ಹಿಡಿಸುವುದು ಅದೇ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುವುದೂ ಅದರಿಂದಲೇ. ಹಳೆಯ ಎಣ್ಣೆ ಕಮಟಾಗುವುದೂ ಅದರಿಂದಲೇ. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಉತ್ಕರ್ಷಣ’ ಎಂದು ಹೆಸರು. ಇದನ್ನು ತಡೆಯುವ ವಸ್ತುವಿಗೆ ‘ಉತ್ಕರ್ಷಣ ನಿರೋಧಕ’. ಉತ್ಕರ್ಷ ಎಂದರೆ ಏಳಿಗೆ. ಏಳಿಗೆಯನ್ನು ತಡೆಯುವ ಮದ್ದು ಯಾವನಿಗೆ ಬೇಕು ಎಂದು ಒಬ್ಬ ಹುಡುಗ ತರಗತಿಯಲ್ಲಿ ಕೇಳಿದ್ದ. ಪದ ಕಟ್ಟಿದವರು ವಿಜ್ಞಾನ ಬಲ್ಲವರು, ನಿಘಂಟು ನೋಡಲು ಅವರಿಗೆ ಬಿಡುವಿರಲಿಲ್ಲ ಎಂದು ಉತ್ತರ ಕೊಟ್ಟೆ. ಈ ಹೊತ್ತು ನಾನು ಸುಡುವುದು, ಸುಡುವುದನ್ನು ತಡೆಯುವುದು ಎಂದೇ ಹೇಳುತ್ತೇನೆ.

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಒಂದು ಜಾತಿಯವು ಕ್ರಿಮಿಯನ್ನು ನುಂಗಿ, ಬಳಿಕ ಆಮ್ಲಜನಕವನ್ನು ಹಠಾತ್ತಾಗಿ ಸೆಳೆದುಕೊಂಡು ಅದನ್ನು ಉರಿಯುವ ರೂಪಕ್ಕೆ ತಿರುಗಿಸುತ್ತವೆ. ಮೊದಲು ಸೂಪರಾಕ್ಸೈಡ್, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಅದರಿಂದ ಬಟ್ಟೆಯ ಕಲೆ ತೆಗೆಯುವ ಬಿಳಿಚು ನೀರಿನ ಜಾತಿಯದೇ ಆದ ಹೈಪೋಕ್ಲೋರಸ್ ಆಮ್ಲ. ಇವುಗಳಿಂದ ಕ್ರಿಮಿ ಸಾಯುತ್ತದೆ. ನಂಜು ಏರಿದಾಗ ಈ ಉರಿ ಕಣದಿಂದ ಹೊರಚೆಲ್ಲಿ ರಕ್ತನಾಳದ ಒಳಪದರವನ್ನು ಸುಡುತ್ತದೆ. ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಒಲೆಗಳನ್ನೂ ಕೆಡಿಸುತ್ತದೆ. ಅದೇ ಹೊತ್ತಿಗೆ ನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ವಿಪರೀತವಾಗಿ ಹುಟ್ಟಿ, ಸೂಪರಾಕ್ಸೈಡಿನೊಡನೆ ಕೂಡಿ ಇನ್ನೂ ಕ್ರೂರವಾದ ವಸ್ತುವಾಗುತ್ತದೆ. ಇಷ್ಟನ್ನು ಕೇಳಿದ ಯಾರಿಗಾದರೂ ಮನಸ್ಸಿಗೆ ಬರುವ ಉಪಾಯ ಒಂದೇ: ಉರಿಯ ಮೇಲೆ ನೀರು ಹೊಯ್ಯಬೇಕು.

ಆ ನೀರಿನ ಹೆಸರುಗಳಲ್ಲಿ ಪ್ರಸಿದ್ಧವಾದದ್ದು ಸಿ ಜೀವಸತ್ವ. 1928ರಲ್ಲಿ ಹಂಗೇರಿಯ ಸೆಂಟ್-ಜಾರ್ಜಿ ಎಂಬ ವಿಜ್ಞಾನಿ ಇದನ್ನು ಮೊದಲು ಬೇರ್ಪಡಿಸಿದರು; 1937ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಮೇಕೆ, ನಾಯಿ, ಹಸು, ಇವೆಲ್ಲ ತಮಗೆ ಬೇಕಾದ ಸಿ ಜೀವಸತ್ವವನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನೂ ಕೋತಿಯೂ ಆ ವಿದ್ಯೆಯನ್ನು ಎಂದೋ ಕಳೆದುಕೊಂಡ ಪ್ರಾಣಿಗಳು. ಅದನ್ನು ತಯಾರಿಸುವ ಕೊನೆಯ ಕಿಣ್ವ ನಮ್ಮಲ್ಲಿ ಕೆಟ್ಟಿದೆ. ಹನೂರಿನ ಗುಡ್ಡದಲ್ಲಿ ಮೇಯುವ ಮೇಕೆಗೆ ಕಾಯಿಲೆ ಬಂದರೆ ಅದು ಈ ಸತ್ವವನ್ನು ಇನ್ನಷ್ಟು ಹುಟ್ಟಿಸಿಕೊಳ್ಳಬಲ್ಲುದು. ಅದನ್ನು ಕಾಯುವವನಿಗೆ ಆ ಭಾಗ್ಯವಿಲ್ಲ. ಅವನು ತಿಂದೇ ಪಡೆಯಬೇಕು.

ತಿಂದು ಪಡೆಯಲು ನಮ್ಮ ಸೀಮೆಯಲ್ಲಿ ನೆಲ್ಲಿಗಿಂತ ಮಿಗಿಲಾದದ್ದು ಯಾವುದು? ಕಾರ್ತಿಕದ ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕದಲ್ಲಿ ಕಾಯಿ ತುಂಬಿದ ನೆಲ್ಲಿಯ ಕೊಂಬೆ ನೆಟ್ಟು ಮದುವೆ ಮಾಡುತ್ತೇವೆ. ಯಳಂದೂರಿನ ಮೇಲಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಲೆತಲಾಂತರದಿಂದ ನೆಲ್ಲಿ ಆಯುತ್ತ ಬಂದವರು. ಅಲ್ಲಿ ಎರಡು ಬಗೆಯ ನೆಲ್ಲಿಗಳಿವೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಅವರಿಗೆ ಬೇರೆಬೇರೆ. 2006ರಲ್ಲಿ ಕಾಡಿನ ಉತ್ಪನ್ನ ಸಂಗ್ರಹ ನಿಂತುಹೋದಾಗ ಆ ಹಾಡಿಗಳಿಗೆ ಒದಗಿದ ಕಷ್ಟ ಸಣ್ಣದಲ್ಲ. 2011ರಲ್ಲಿ ಅರಣ್ಯ ಹಕ್ಕಿನ ಕಾನೂನಿನಂತೆ ಹಕ್ಕುಪತ್ರಗಳು ಬಂದವು. ಆಯುರ್ವೇದದ ನಿಘಂಟುಗಳಲ್ಲಿ ಆಮಲಕಿಗೆ ‘ವಯಸ್ಥಾ’ ಎಂದು ಪರ್ಯಾಯನಾಮವುಂಟು: ವಯಸ್ಸನ್ನು ನಿಲ್ಲಿಸುವವಳು. ಕಾವೇರಿಯ ಆಚೆ ಧರ್ಮಪುರಿಯ ಕಡೆ ಆಳಿದ ಅದಿಯಮಾನನೆಂಬ ದೊರೆ, ಆಯುಷ್ಯ ಕೊಡುವ ಅಪೂರ್ವವಾದ ನೆಲ್ಲಿಯನ್ನು ತಾನು ತಿನ್ನದೆ ಔವೈಯಾರ್ ಎಂಬ ಕವಯಿತ್ರಿಗೆ ಕೊಟ್ಟನೆಂದು ತಮಿಳರು ಹೇಳುತ್ತಾರೆ. ದೊರೆಗಳು ಕವಿಗಳಿಗೆ ಊರು ಕೊಟ್ಟದ್ದುಂಟು, ಆನೆ ಕೊಟ್ಟದ್ದುಂಟು. ಆಯುಷ್ಯವನ್ನೇ ಕೊಟ್ಟವನು ಇವನೊಬ್ಬನೆ.

ಆಧುನಿಕ ವಿಜ್ಞಾನವೂ ನೆಲ್ಲಿಯನ್ನು ಕಡೆಗಣಿಸಲಿಲ್ಲ. 1939-40ರಲ್ಲಿ ಪಂಜಾಬಿನ ಹಿಸ್ಸಾರ್ ಪ್ರಾಂತದ ಬರಗಾಲದಲ್ಲಿ ಒಸಡು ಕೊಳೆತು ರಕ್ತ ಸುರಿಯುವ ಸ್ಕರ್ವಿ ರೋಗ ಹಬ್ಬಿದಾಗ ನೆಲ್ಲಿಯನ್ನು ಮದ್ದಾಗಿ ಕೊಟ್ಟರು. 1944ರಲ್ಲಿ ನಮ್ಮ ದೇಶದ ಸಂಶೋಧಕರು ನೆಲ್ಲಿಯ ಸಿ ಸತ್ವದ ಸಮೃದ್ಧಿಯನ್ನು ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳೆಯ ಆಹಾರ ಕೋಷ್ಟಕಗಳಲ್ಲಿ ನೂರು ಗ್ರಾಂ ನೆಲ್ಲಿಗೆ 600 ಮಿಲಿಗ್ರಾಂ ಎಂದಿತ್ತು. 2017ರ ಹೊಸ ಕೋಷ್ಟಕದಲ್ಲಿ ಅದು 250ರ ಆಸುಪಾಸಿಗೆ ಇಳಿದಿದೆ. ಇಳಿದರೂ ಚಿಂತೆಯಿಲ್ಲ. ದುಡಿಯುವ ಗಂಡಸಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ, ಹೆಂಗಸಿಗೆ 65. ಒಂದೆರಡು ನೆಲ್ಲಿಯಲ್ಲಿ ಮುಗಿಯುವ ಲೆಕ್ಕ.

ಹೀಗಿರುವಾಗ ನಂಜಿನ ಆಘಾತದಲ್ಲಿರುವ ರೋಗಿಯ ರಕ್ತವನ್ನು ಪರೀಕ್ಷಿಸಿದ ವೈದ್ಯರಿಗೆ ಅಲ್ಲಿ ಸಿ ಸತ್ವ ಬಹಳ ಕಡಿಮೆಯಾಗಿರುವುದು ಕಂಡಿತು. ಕೆಲವರಲ್ಲಿ ಸ್ಕರ್ವಿ ರೋಗಿಯ ಮಟ್ಟಕ್ಕೆ ಇಳಿದಿತ್ತು. ಈ ಸತ್ವ ಉರಿಯನ್ನು ಆರಿಸಬಲ್ಲುದು. ರಕ್ತದ ಒತ್ತಡವನ್ನು ಎತ್ತುವ ನಾರ್‌ಅಡ್ರಿನಲಿನ್ ದೇಹದಲ್ಲಿ ತಯಾರಾಗಲು ಬೇಕಾದದ್ದೂ ಇದೇ. ರೋಗಿಯಲ್ಲಿ ಇದೇ ಕಡಿಮೆ. ಕೊಟ್ಟರೆ ಬದುಕುತ್ತಾನೆ ಎನ್ನದೆ ಇರಲು ಯಾರಿಂದ ಸಾಧ್ಯ? ಅಂಗೈ ನೆಲ್ಲಿಯಷ್ಟು ಸ್ಪಷ್ಟವಾಗಿತ್ತು.

2017ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್ ಎಂಬ ಊರಿನಿಂದ ಪಾಲ್ ಮಾರಿಕ್ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ವರದಿ ಪ್ರಕಟಿಸಿದರು. ಸಿ ಜೀವಸತ್ವ, ಥಯಮಿನ್ ಎಂಬ ಬಿ ಜೀವಸತ್ವ, ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್, ಈ ಮೂರನ್ನೂ ರಕ್ತನಾಳಕ್ಕೆ ಕೊಟ್ಟ 47 ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡವರು ನೂರಕ್ಕೆ 8.5. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಇದಿಲ್ಲದೆ ಚಿಕಿತ್ಸೆ ಪಡೆದ 47 ಮಂದಿಯಲ್ಲಿ ನೂರಕ್ಕೆ 40.4. ಲೋಕವೆಲ್ಲ ಬೆರಗಾಯಿತು. ಔಷಧವೂ ಅಗ್ಗ, ಅಂಗಡಿಯಲ್ಲಿ ಸಿಗುವಂಥದ್ದು. ಅನೇಕ ದೇಶಗಳ ತೀವ್ರನಿಗಾ ಘಟಕಗಳಲ್ಲಿ ಮರುದಿನದಿಂದಲೇ ಕೊಡಲಾರಂಭಿಸಿದರು.

ಆದರೆ ಈ ಹೋಲಿಕೆಯನ್ನು ಒಬ್ಬ ಮೇಷ್ಟ್ರ ಕಣ್ಣಿನಿಂದ ನೋಡಿ. ಈ ವರ್ಷ ನಾನು ಹೊಸ ಪುಸ್ತಕ ಹಿಡಿದು ಪಾಠ ಮಾಡಿದೆ, ಹೋದ ವರ್ಷಕ್ಕಿಂತ ಹೆಚ್ಚು ಮಕ್ಕಳು ತೇರ್ಗಡೆಯಾದರು, ಆದ್ದರಿಂದ ಪುಸ್ತಕ ಒಳ್ಳೆಯದು ಎಂದರೆ ನಮ್ಮ ಮುಖ್ಯೋಪಾಧ್ಯಾಯರು ಒಪ್ಪುವರೆ? ಈ ವರ್ಷದ ಮಕ್ಕಳೇ ಜಾಣರಿರಬಹುದು. ಪ್ರಶ್ನೆಪತ್ರಿಕೆ ಸುಲಭವಿದ್ದಿರಬಹುದು. ಹೊಸ ಪುಸ್ತಕದ ಹುರುಪಿನಲ್ಲಿ ನಾನೇ ಹೆಚ್ಚು ದುಡಿದಿರಬಹುದು. ತಿಳಿಯಬೇಕಾದರೆ ಒಂದೇ ವರ್ಷದ ಮಕ್ಕಳನ್ನು ಚೀಟಿ ಎತ್ತಿ ಎರಡು ಪಂಗಡ ಮಾಡಬೇಕು. ಯಾವ ಪಂಗಡ ಯಾವ ಪುಸ್ತಕ ಓದಿತೆಂಬುದು ಉತ್ತರಪತ್ರಿಕೆ ತಿದ್ದುವವನಿಗೆ ತಿಳಿದಿರಬಾರದು. ಸಂಖ್ಯೆಯೂ ದೊಡ್ಡದಿರಬೇಕು.

ಈ ಬಗೆಯ ತಾಳೆ ನೋಡುವಿಕೆಯ ಆರಂಭವೂ ಸಿ ಸತ್ವದಿಂದಲೇ ಆದದ್ದು ಸೋಜಿಗ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ ಸಾಲಿಸ್‌ಬರಿ ಎಂಬ ಹಡಗಿನಲ್ಲಿ ಸ್ಕರ್ವಿಯಿಂದ ನರಳುತ್ತಿದ್ದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಸಮುದ್ರದ ನೀರು ಕುಡಿದವರೂ ಇದ್ದರು, ಪಾಪ. ಕಿತ್ತಳೆ, ನಿಂಬೆ ತಿಂದ ಇಬ್ಬರು ಕೆಲವೇ ದಿನಗಳಲ್ಲಿ ಎದ್ದು ನಿಂತರು. ಅಂದು ಹಣ್ಣು ಗೆದ್ದಿತು.

ನಂಜಿನ ಆಘಾತದಲ್ಲಿ ಏನಾಯಿತು? ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರೆಜಿಲ್ ದೇಶಗಳ ಆಸ್ಪತ್ರೆಗಳು ಸೇರಿ ಮಾಡಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 216 ರೋಗಿಗಳಿದ್ದರು. ಮೂರು ಔಷಧಗಳನ್ನು ಪಡೆದವರಿಗೂ ಬರಿಯ ಹೈಡ್ರೋಕಾರ್ಟಿಸೋನ್ ಪಡೆದವರಿಗೂ ಅಂತರ ಕಾಣಲಿಲ್ಲ. ಅಮೆರಿಕದಲ್ಲಿ 501 ರೋಗಿಗಳ ಇನ್ನೊಂದು ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ಅದು ಅರ್ಧದಲ್ಲೇ ನಿಂತಿತು, ಲಾಭವೇನೂ ತೋರಲಿಲ್ಲ. ಇವೆರಡರ ನಡುವೆ ಆಸೆ ಉಳಿಸಿದ್ದು 2019ರ ಒಂದು ಪರೀಕ್ಷೆ. 167 ರೋಗಿಗಳ ಅದರಲ್ಲಿ ಮುಖ್ಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ ಬಂತು. ಆದರೆ ಸಾವಿನ ಲೆಕ್ಕದಲ್ಲಿ ಸಿ ಸತ್ವ ಪಡೆದವರು ಮೇಲಾಗಿ ಕಂಡರು. ಕೇಳದ ಪ್ರಶ್ನೆಗೆ ಬಂದ ಉತ್ತರವನ್ನು ಎಷ್ಟು ನಂಬಬೇಕು ಎಂದು ವೈದ್ಯಲೋಕ ಇಬ್ಭಾಗವಾಯಿತು.

ಅದನ್ನು ಇತ್ಯರ್ಥ ಮಾಡಲೆಂದು ಕೆನಡಾ ದೇಶದ ವೈದ್ಯರ ನಾಯಕತ್ವದಲ್ಲಿ ದೊಡ್ಡ ಪರೀಕ್ಷೆ ನಡೆದು 2022ರಲ್ಲಿ ಪ್ರಕಟವಾಯಿತು. ಅದರ ಹೆಸರು ಲೋವಿಟ್. ಸೋಂಕಿನಿಂದ ತೀವ್ರನಿಗಾ ಘಟಕ ಸೇರಿ, ಒತ್ತಡ ಎತ್ತುವ ಔಷಧ ಪಡೆಯುತ್ತಿದ್ದ 872 ರೋಗಿಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿದರು. ಒಂದು ಪಂಗಡಕ್ಕೆ ಮೈತೂಕದ ಕಿಲೋ ಒಂದಕ್ಕೆ 50 ಮಿಲಿಗ್ರಾಂ ಸಿ ಸತ್ವ, ಆರು ಗಂಟೆಗೊಮ್ಮೆ, ನಾಲ್ಕು ದಿನ. ಇನ್ನೊಂದಕ್ಕೆ ಸತ್ವವಿಲ್ಲದ ದ್ರವ. ರೋಗಿಗೂ ವೈದ್ಯರಿಗೂ ಯಾವುದು ಯಾರಿಗೆಂದು ತಿಳಿಯದು. ಅರುವತ್ತು ಕಿಲೋ ತೂಕದವನಿಗೆ ಇದು ದಿನಕ್ಕೆ 12 ಗ್ರಾಂ ಆಯಿತು. ನೆಲ್ಲಿಯ ಲೆಕ್ಕದಲ್ಲಿ ಸುಮಾರು ಐದು ಕಿಲೋ! ಅಷ್ಟನ್ನು ತಿಂದರೂ ಕರುಳು ಒಂದು ಮಿತಿಗಿಂತ ಹೆಚ್ಚು ಹೀರಿಕೊಳ್ಳುವುದಿಲ್ಲ. ಸೂಜಿಯ ಮೂಲಕವೇ ಕೊಡಬೇಕು.

ಇಪ್ಪತ್ತೆಂಟನೆಯ ದಿನದ ಹೊತ್ತಿಗೆ ಸತ್ತವರನ್ನೂ ಇನ್ನೂ ಯಂತ್ರಗಳ ಆಸರೆಯಲ್ಲೇ, ಒತ್ತಡದ ಔಷಧದಲ್ಲೇ ಉಳಿದವರನ್ನೂ ಕೂಡಿಸಿ ಎಣಿಸಿದರು. ಸಿ ಸತ್ವ ಪಡೆದವರಲ್ಲಿ ನೂರಕ್ಕೆ 44.5, ಪಡೆಯದವರಲ್ಲಿ 38.5. ಲಾಭವಿಲ್ಲದಿರುವುದು ಮಾತ್ರವಲ್ಲ, ಪಡೆದವರ ಸ್ಥಿತಿಯೇ ಕೆಟ್ಟದಾಗಿತ್ತು. ಬರಿಯ ಸಾವನ್ನೇ ಎಣಿಸಿದರೆ 35.4 ಮತ್ತು 31.6, ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು, ಆದರೆ ಆಸೆಯ ದಿಕ್ಕಿನಲ್ಲಿ ಅಲ್ಲ. ನೂರಕ್ಕೆ ಆರು ಎಂಬುದನ್ನು ಅಂಕಿಯೆಂದು ಓದಿ ಮುಂದೆ ಹೋಗಬಾರದು. ನೂರು ಮನೆಗಳಲ್ಲಿ ಆರು ಮನೆ ಎಂದು ಓದಬೇಕು. ಇದಕ್ಕೆ ಹಿಂದಿನ ವರ್ಷವೇ, 2021ರಲ್ಲಿ, ಸೆಪ್ಸಿಸ್ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗದರ್ಶಿಯು ಸಿ ಸತ್ವವನ್ನು ರಕ್ತನಾಳಕ್ಕೆ ಕೊಡದಿರುವುದೇ ಮೇಲೆಂದು ಸೂಚಿಸಿತ್ತು. ಕೋವಿಡ್ ಪೀಡೆಯ ರೋಗಿಗಳಲ್ಲಿ ಮಾಡಿದ ಪರೀಕ್ಷೆಗಳೂ 2023ರಲ್ಲಿ ಇದೇ ಮಾತನ್ನು ಹೇಳಿದವು.

ಉಳಿದ ನಿರೋಧಕಗಳ ಕಥೆಯೂ ಸುಖದ್ದಲ್ಲ. ಸೆಲೆನಿಯಂ ಎಂಬ ಖನಿಜವನ್ನು ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು; ಪ್ರಯೋಜನವಾಗಲಿಲ್ಲ. 2013ರ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ನಿರೋಧಕಗಳ ಮಿಶ್ರಣ ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ. ಜೊತೆಗೆ ಕೊಟ್ಟ ಗ್ಲುಟಮಿನ್ ಎಂಬ ಪುಷ್ಟಿಕರ ವಸ್ತುವಿನಿಂದ ಸಾವು ಹೆಚ್ಚಿತು.

ಹೀಗೇಕೆ? ಉರಿಯಿದೆ, ನೀರು ಹೊಯ್ದರೆ ಆರಲೇಬೇಕಲ್ಲ? ಇದಕ್ಕೆ ಪೂರ್ತಿ ಉತ್ತರವನ್ನು ಇನ್ನೂ ಹುಡುಕುತ್ತಿದ್ದಾರೆ. ಆದರೆ ಒಂದು ಎಳೆ ನನಗೆ ಬಹಳ ಹಿಡಿಸಿತು. ಬಿಳಿಯ ಕಣಗಳು ಈ ಉರಿಯನ್ನು ಹುಟ್ಟಿಸಲಾರದಂತೆ ಹುಟ್ಟುವ ಕೆಲವು ಮಕ್ಕಳಿದ್ದಾರೆ. ಅದೊಂದು ಅಪರೂಪದ ವಂಶಪಾರಂಪರ್ಯ ರೋಗ. ಉರಿಯೇ ಕೇಡಾಗಿದ್ದರೆ ಆ ಮಕ್ಕಳು ಎಲ್ಲರಿಗಿಂತ ಸುಖವಾಗಿರಬೇಕಿತ್ತು. ಅವರು ಸುಖವಾಗಿಲ್ಲ, ಒಂದರ ಮೇಲೊಂದು ಸೋಂಕು ತಗುಲಿ, ಕೀವುಗಡ್ಡೆಗಳಾಗಿ ನರಳುತ್ತಾರೆ. ಒಲೆಯ ಬೆಂಕಿ ಸೂರಿಗೆ ಹತ್ತಿದೆ ಎಂದು ಒಲೆಗೂ ನೀರು ಹೊಯ್ದರೆ ಅಡುಗೆ ಆಗುವುದು ಹೇಗೆ? ಅದಲ್ಲದೆ ಸಿ ಸತ್ವವೇ ವಿಪರೀತ ಪ್ರಮಾಣದಲ್ಲಿ, ಬಿಡಿ ಕಬ್ಬಿಣಾಂಶದ ಸಹವಾಸದಲ್ಲಿ, ತಾನೇ ಉರಿ ಹುಟ್ಟಿಸಬಲ್ಲುದು. ರಕ್ತದಲ್ಲಿ ಸತ್ವ ಇಳಿದಿರುವುದು ರೋಗದ ಗುರುತಾಗಿರಬಹುದು, ಕಾರಣವಾಗಿರಲೇಬೇಕೆಂದಿಲ್ಲ. ಮಳೆ ಬಂದಾಗ ಕೊಡೆಗಳು ಬಿಚ್ಚಿಕೊಳ್ಳುತ್ತವೆ. ಕೊಡೆ ಮಡಿಚಿದರೆ ಮಳೆ ನಿಲ್ಲುವುದಿಲ್ಲ.

ಇಷ್ಟೆಲ್ಲ ದೂರದ ದೇಶದ ಸಂಗತಿಯೆಂದು ನೀವು ತಿಳಿಯಬಾರದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಕಬ್ಬು ಕಡಿಯುವಾಗ ಪಾದಕ್ಕೆ ಕತ್ತಿ ತಗುಲಿಸಿಕೊಂಡರು. ಸಕ್ಕರೆ ಕಾಯಿಲೆಯವರು. ಮೂರು ದಿನ ಅರಿಸಿನ ಹಚ್ಚಿ ಮನೆಯಲ್ಲೇ ಇದ್ದರು. ನಾಲ್ಕನೆಯ ದಿನ ಮಾತು ತೊದಲಿತು, ಮೈ ತಣ್ಣಗಾಯಿತು. ನಗರದ ಒಂದು ಆಸ್ಪತ್ರೆಗೆ ಸಾಗಿಸಿದರು. ಅಲ್ಲಿಂದ ಹುಡುಗ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದ. ಬೆಂಗಳೂರಿನ ದಾಯಾದಿಯೊಬ್ಬ ಮೊಬೈಲಿಗೆ ಸಂದೇಶ ಕಳುಹಿಸಿದ್ದನಂತೆ: ವಿಟಮಿನ್ ಸಿ ಡ್ರಿಪ್ ಹಾಕಿಸಿದರೆ ನಂಜು ಇಳಿಯುತ್ತದೆ, ವೈದ್ಯರು ಬೇಕೆಂದೇ ಮರೆಮಾಚುತ್ತಾರೆ ಎಂದು. “ಸಾ, ಅದ ಹಾಕುಸುದ್ರ ನಮ್ಮಪ್ಪ ಉಳ್ಕತನಂತಲ್ಲ, ದಿಟವಾ?” ಎಂದ. ಅವನ ಧ್ವನಿಯಲ್ಲಿ ಸಿಟ್ಟಿತ್ತು, ಅದರ ಕೆಳಗೆ ಭಯವಿತ್ತು. ನನಗೆ ತಿಳಿದದ್ದು ಇಷ್ಟೇ: ಅವನು ಕೇಳಬೇಕಾದದ್ದು ನನ್ನನ್ನಲ್ಲ, ಹತ್ತು ಹೆಜ್ಜೆ ಆಚೆ ಇದ್ದ ವೈದ್ಯೆಯನ್ನು. ಹಾಗೆಂದೇ ಹೇಳಿದೆ. ಆಕೆ ಬೇಸರಪಡದೆ ಅವನನ್ನು ಕೂರಿಸಿಕೊಂಡು ವಿವರಿಸಿದರಂತೆ. ಅವರು ಹೇಳಿದ ಒಂದು ಸಂಗತಿ ಎಲ್ಲ ಸಕ್ಕರೆ ಕಾಯಿಲೆಯವರೂ ತಿಳಿದಿರಬೇಕಾದದ್ದು. ರಕ್ತದಲ್ಲಿ ಸಿ ಸತ್ವ ಬಹಳವಾದರೆ, ಬೆರಳು ಚುಚ್ಚಿ ಸಕ್ಕರೆ ಅಳೆಯುವ ಸಣ್ಣ ಯಂತ್ರಗಳಲ್ಲಿ ಹಲವು ಮೋಸಹೋಗಿ ಸಕ್ಕರೆಯನ್ನು ಹೆಚ್ಚಾಗಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ನಿಜವಾದ ಸಕ್ಕರೆ ಪಾತಾಳಕ್ಕೆ ಇಳಿದು ರೋಗಿ ಎಚ್ಚರ ತಪ್ಪುತ್ತಾನೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳು ಕಟ್ಟುವ ಭಯ ಬೇರೆ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯುಳ್ಳವರಲ್ಲಿ ಕೆಂಪು ರಕ್ತಕಣಗಳು ಒಡೆದುಹೋಗುವ ಅಪಾಯವೂ ಉಂಟು. ಆ ಹಿರಿಯರು ಎರಡು ಬೆರಳು ಕಳೆದುಕೊಂಡು ಮನೆಗೆ ಬಂದರು. ಅವರನ್ನು ಉಳಿಸಿದ್ದು ಕೊಳೆತ ಭಾಗವನ್ನು ಆ ರಾತ್ರಿಯೇ ಕತ್ತರಿಸಿ ತೆಗೆದದ್ದು, ಸರಿಯಾದ ಪ್ರತಿಜೀವಕ ಔಷಧ, ದ್ರವ, ಒತ್ತಡದ ಮದ್ದು.

ನಂಜಿನ ಆಘಾತಕ್ಕೆ ಇಂದಿಗೂ ನಂಬುಗೆಯ ಚಿಕಿತ್ಸೆ ಇದೇ. ಆಘಾತವಿದೆಯೆಂದು ಕಂಡ ಒಂದು ಗಂಟೆಯೊಳಗೆ ಪ್ರತಿಜೀವಕ ಮೈಗೆ ಸೇರಬೇಕು. ಅದಕ್ಕೆ ಮುಂಚೆ ರಕ್ತವನ್ನು ಕ್ರಿಮಿಪರೀಕ್ಷೆಗೆ ತೆಗೆಯಬೇಕು. ಮೊದಲ ಮೂರು ಗಂಟೆಗಳಲ್ಲಿ ಮೈತೂಕದ ಕಿಲೋ ಒಂದಕ್ಕೆ ಸುಮಾರು 30 ಮಿಲಿಲೀಟರ್ ದ್ರವ, ಸಾಲದಿದ್ದರೆ ನಾರ್‌ಅಡ್ರಿನಲಿನ್, ಕೀವಿದ್ದಲ್ಲಿ ಅದನ್ನು ಹೊರಹಾಕುವುದು. ಇದರಲ್ಲಿ ಬೆರಗಿನದು ಒಂದೂ ಇಲ್ಲ, ಬೆಲೆಯೆಲ್ಲ ಹೊತ್ತಿನದು.

ಹೊತ್ತಿನ ಮಾತು ಬಂದಾಗ ನಮ್ಮ ದಾರಿಯನ್ನು ನೆನೆಯಬೇಕು. ಕೊಳ್ಳೇಗಾಲದಿಂದ ಹನೂರಿಗೆ, ಅಲ್ಲಿಂದ ಮಹದೇಶ್ವರ ಬೆಟ್ಟಕ್ಕೆ ಹೋಗುವ ಹಾದಿಯಲ್ಲಿ ಕಾಮಗೆರೆ ಇದೆ. ಅಲ್ಲಿ ಹೋಲಿಕ್ರಾಸ್ ಆಸ್ಪತ್ರೆ ಇದೆ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದವರನ್ನು ತಂದದ್ದು ಅಲ್ಲಿಗೂ ಕೊಳ್ಳೇಗಾಲಕ್ಕೂ. ಅಲ್ಲಿ ಕೈಲಾದುದನ್ನು ಮಾಡಿ, ಉಸಿರಿನ ಯಂತ್ರ ಬೇಕಾದವರನ್ನು ಮೈಸೂರಿಗೆ ಸಾಗಿಸಿದರು. ಹದಿನೈದಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬದುಕಿದವರು ಅದಕ್ಕೆ ಎಷ್ಟೋ ಪಾಲು. ಆ ವಿಷ ಬೇರೆ, ನಾನು ಹೇಳುತ್ತಿರುವ ನಂಜು ಬೇರೆ. ದಾರಿ ಮಾತ್ರ ಒಂದೇ. ಬೆಟ್ಟದ ತಪ್ಪಲಿನ ಊರಿನಿಂದ ಮೈಸೂರಿನ ತೀವ್ರನಿಗಾ ಘಟಕಕ್ಕೆ ಹೋಗುವಷ್ಟರಲ್ಲಿ ಆ ಒಂದು ಗಂಟೆ ಹಾದಿಯಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಮೊದಲ ದ್ರವ, ಮೊದಲ ಔಷಧ ಹತ್ತಿರದ ಆಸ್ಪತ್ರೆಯಲ್ಲೇ ಆಗಬೇಕು. ದೊಡ್ಡ ಆಸ್ಪತ್ರೆಗೇ ನೇರವಾಗಿ ಹೋಗುತ್ತೇವೆಂದು ಹಟ ಮಾಡಿ ಹತ್ತಿರದ್ದನ್ನು ದಾಟಿಹೋಗುವುದು ತರವಲ್ಲ.

ಮನೆಯವರು ಗುರುತಿಸಬೇಕಾದ ಚಿಹ್ನೆಗಳನ್ನು ಹೇಳುತ್ತೇನೆ. ರೇಡಿಯೋ ಪಕ್ಕದಲ್ಲಿ ಕಾಗದವಿದ್ದರೆ ಬರೆದುಕೊಳ್ಳಿ. ಜ್ವರವೋ ಗಾಯವೋ ಕೆಮ್ಮೋ ಮೂತ್ರದ ಉರಿಯೋ ಇರುವವರು ಇದ್ದಕ್ಕಿದ್ದಂತೆ ಗಲಿಬಿಲಿಗೊಂಡು ಏನೇನೋ ಮಾತಾಡುವುದು ಅಥವಾ ಮಂಪರಾಗುವುದು. ಉಸಿರು ಏದುವುದು, ಸುಮ್ಮನೆ ಮಲಗಿರುವಾಗಲೂ ನಿಮಿಷಕ್ಕೆ ಇಪ್ಪತ್ತೆರಡು ಉಸಿರಿಗೆ ಕಡಿಮೆಯಿಲ್ಲದಿರುವುದು. ಕೈಕಾಲು ತಣ್ಣಗಾಗಿ ಚರ್ಮ ಮಚ್ಚೆಮಚ್ಚೆಯಾಗುವುದು. ದಿನವಿಡೀ ಮೂತ್ರ ಬಾರದಿರುವುದು. ವೃದ್ಧರಲ್ಲಿ, ಎಳೆಗೂಸುಗಳಲ್ಲಿ ಜ್ವರವೇ ಇಲ್ಲದೆ ಮೈ ತಣ್ಣಗಾಗುವುದೂ ಉಂಟು. ಜ್ವರ ಇಳಿಯಿತೆಂದು ಹಿಗ್ಗಬೇಡಿ. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯ ಬಾಗಿಲಲ್ಲಿ “ಇದು ಸೆಪ್ಸಿಸ್ ಇರಬಹುದೆ, ನೋಡಿ” ಎಂದು ಬಾಯಿಬಿಟ್ಟು ಕೇಳಬೇಕು. ಸಂಕೋಚವೇನೂ ಬೇಡ. ಬಾಣಂತಿಯರ ವಿಷಯದಲ್ಲಂತೂ ಜ್ವರವೆಂದರೆ ಹಾಲುಜ್ವರ, ಹಾಗೇ ಹೋಗುತ್ತದೆ ಎಂದು ಕಡೆಗಣಿಸುವ ಅತ್ತೆಯಂದಿರಿಗೆ ಯಾರಾದರೂ ತಿಳಿಹೇಳಿ.

ಔಷಧದ ಅಂಗಡಿಯಲ್ಲಿ ಕೇಳಿ ಕೊಂಡ ಎರಡು ದಿನದ ಪ್ರತಿಜೀವಕ ಮಾತ್ರೆಗಳ ಬಗ್ಗೆ ಒಂದೇ ಮಾತು. ಅರೆಬರೆ ನುಂಗಿದ ಆ ಮಾತ್ರೆಗಳಿಂದ ಕ್ರಿಮಿಗಳು ಪಳಗುತ್ತವೆ. ನಾಳೆ ಆಸ್ಪತ್ರೆಯಲ್ಲಿ ನಿಜವಾಗಿ ಬೇಕಾದಾಗ ಅದೇ ಔಷಧ ಕೈಕೊಡುತ್ತದೆ.

ಹಾಗಾದರೆ ನೆಲ್ಲಿಗೆ ಸ್ಥಾನವೆಲ್ಲಿ ಎಂದು ಕೇಳುವಿರಿ. ನಂಜಿನಿಂದ ಬದುಕಿ ಬಂದವರ ಕಷ್ಟ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಕಾಲಿನಲ್ಲಿ ಬಲವಿರುವುದಿಲ್ಲ, ಮೆಟ್ಟಿಲು ಹತ್ತಲಾಗುವುದಿಲ್ಲ, ಹೆಸರುಗಳು ಮರೆತುಹೋಗುತ್ತವೆ, ರಾತ್ರಿ ಬೆಚ್ಚಿ ಏಳುತ್ತಾರೆ. ಸೋಮಾರಿಯಾದರೆಂದು ಮನೆಯವರು ರೇಗುವುದನ್ನು ನಾನು ಕಂಡಿದ್ದೇನೆ. ಅದು ಸೋಮಾರಿತನವಲ್ಲ, ಕಾಯಿಲೆಯ ಬಾಲ. ಆಗ ಬೇಕಾದದ್ದು ದಿನಕ್ಕೊಂದಿಷ್ಟು ನಡಿಗೆ, ಬೇಳೆ, ಮೊಟ್ಟೆ, ಮಜ್ಜಿಗೆ, ಸೊಪ್ಪು, ಮಾತಾಡಿಸುವ ಜನ. ಕಾರ್ತಿಕದಿಂದಾಚೆ ಬೆಟ್ಟದ ನೆಲ್ಲಿ ಸಂತೆಗೆ ಬಂದಾಗ ಊಟದ ಎಲೆಯಲ್ಲಿ ಅದರ ಚಟ್ನಿಯೂ ಇರಲಿ. ಉಪ್ಪಿನಕಾಯಿ ಹಾಕುವುದಾದರೆ, ಮೂತ್ರಪಿಂಡ ಸೋತವರಿಗೂ ರಕ್ತದೊತ್ತಡವಿರುವವರಿಗೂ ಉಪ್ಪು ಎಷ್ಟಿರಬಹುದೆಂದು ವೈದ್ಯರನ್ನು ಒಮ್ಮೆ ಕೇಳಿ ಬಡಿಸಿ.